ಅರ್ಧ ತಾಸು ನಿಲ್ಲಬಾರದ ಗಾಡಿ

ನಾನು ಡೀಸೆಲ್ ಎಂಜಿನ್ ಕಲಿಸುವ ಮಾಸ್ತರ. ಲಿಂಗಸೂಗೂರಿನ ಐಟಿಐಯಲ್ಲಿ ಹದಿನಾಲ್ಕು ವರ್ಷದಿಂದ ಎಂಜಿನ್ ಬಿಚ್ಚುವುದನ್ನೂ ಜೋಡಿಸುವುದನ್ನೂ ಹೇಳಿಕೊಡುತ್ತಿದ್ದೇನೆ. ಆದರೆ ಸಿಂಧನೂರಿನಲ್ಲಿ ನಾನಿದ್ದ ಮನೆಯ ಅಂಗಳದಲ್ಲಿ ನಿಂತಿದ್ದ ಡೀಸೆಲ್ ಕಾರಿನ ಬಾನೆಟ್ಟು ಎತ್ತುವ ಹಕ್ಕು ಮಾತ್ರ ನನಗಿರಲಿಲ್ಲ. ನಗು ಬಂದರೆ ನಕ್ಕುಬಿಡಿ, ನಾನು ಆಗ ನಗುವ ಸ್ಥಿತಿಯಲ್ಲಿರಲಿಲ್ಲ.

ನಾನು ಮನೆ ಅಳಿಯ. ಪಾಮನಕಲ್ಲೂರಿನ ಒಣಬೇಸಾಯದ ಮನೆಯ ಮೂರನೇ ಮಗ. ಹೆಂಡತಿ ಸಿಂಧನೂರಿನಲ್ಲಿ ಭತ್ತದ ಗದ್ದೆ, ಅಕ್ಕಿ ಗಿರಣಿ ಎರಡೂ ಇರುವ ಮನೆಯ ಒಬ್ಬಳೇ ಮಗಳು. ಮದುವೆ ಮಾತುಕತೆಗೆ ಬಂದಾಗಲೇ ಮಾವನವರು ನಮ್ಮಪ್ಪನಿಗೆ, "ನಿಮ್ಮ ಹುಡುಗನ್ನ ನಮ್ಮ ಮನಿ ಮಗಾ ಅಂತ ಇಟ್ಕೋತೀನ್ರಿ" ಎಂದಿದ್ದರು. ಮಗನೆಂದು ಇಟ್ಟುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗನಾದರೆ ಬೈಸಿಕೊಳ್ಳುತ್ತಾನೆ, ಕೆಲಸ ಮಾಡುತ್ತಾನೆ, ತಿರುಗಿ ಮಾತಾಡುತ್ತಾನೆ. ಇವರು ನನ್ನನ್ನು ಹನ್ನೊಂದು ವರ್ಷ ಅಳಿಯನೆಂದೇ ಇಟ್ಟುಕೊಂಡರು.

ಮಾವ, ಅತ್ತೆ, ಮಾವನ ಇಬ್ಬರು ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಸೊಸೆಯರು, ನಾವಿಬ್ಬರು, ನಮ್ಮ ಮಗಳು, ಎಲ್ಲ ಸೇರಿ ಹದಿನಾರು ಮಂದಿಯ ಮನೆ. ಅಷ್ಟು ಮಂದಿಯಲ್ಲಿ ಮೊದಲ ತಟ್ಟೆ ನನ್ನದು. ಕೂರಲು ಮೆತ್ತನೆಯ ಗಾದಿ ನನಗೊಬ್ಬನಿಗೆ. ನೀರಿನ ತಂಬಿಗೆಯನ್ನು ನಾನೇ ಎತ್ತಿಕೊಂಡರೆ ಅತ್ತೆಯವರು ಸೆರಗು ಸರಿಮಾಡಿಕೊಂಡು ಓಡಿ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಿರಣಿಯ ಜನರೇಟರ್ ಕೆಟ್ಟಿತೆಂದು ನಾನು ಸ್ಪ್ಯಾನರ್ ಹಿಡಿದು ಕೂತೆ. ಅಷ್ಟರಲ್ಲಿ ಮಾವನವರೇ ಬಂದು ಕೈಹಿಡಿದು ಎಬ್ಬಿಸಿದರು. "ಏಳ್ರಿ ಅಳಿಯಾರ, ಏಳ್ರಿ! ನೀವು ಕೈ ಎಣ್ಣಿ ಮಾಡ್ಕೊಂಡು ಕುಂತರ ನೋಡಿದ ಮಂದಿ ಏನಂದಾರು? ಅಳಿಯನ್ನ ದುಡಿಸ್ಕೊಳ್ಳಾಕ ತಂದಾರ ಅನ್ನಂಗಿಲ್ಲೇನು?" ಅವತ್ತಿನಿಂದ ಆ ಮನೆಯಲ್ಲಿ ನನ್ನ ಕೈ ಊಟಕ್ಕೆ ಮಾತ್ರ ಹೊಲಸಾಯಿತು.

ಮೂರು ವರ್ಷದ ಹಿಂದೆ ಮಾವನವರು ಕಾರು ತಂದರು. ಬಂದುಹೋದವರಿಗೆಲ್ಲ ಹೇಳಿದ್ದು, "ಅಳಿಯಾರಿಗೆ ಗಾಡಿ ತಂದೀನಿ." ಅಳಿಯಾರು ಮಾತ್ರ ಅದೇ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ಮಸ್ಕಿ ಮೇಲೆ ಲಿಂಗಸೂಗೂರಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದರು. ದಿನಾ ಅಷ್ಟು ದೂರ ಓಡಿಸಿದರೆ ಹೊಸ ಗಾಡಿ ಹಾಳಾಗುತ್ತದೆ ಎಂಬುದು ಮನೆಯ ತೀರ್ಮಾನ. ಕೀಲಿ ಮಾವನವರ ಅಂಗಿ ಜೇಬಿನಲ್ಲಿ. ಬಳಗಾನೂರಿನಲ್ಲೋ ಮುಕ್ಕುಂದದಲ್ಲೋ ಮದುವೆಯಿದ್ದರೆ ಆ ಕೀಲಿ ನನ್ನ ಕೈಗೆ ಬರುತ್ತಿತ್ತು, ಮಾವನವರು ಪಕ್ಕದ ಸೀಟಿಗೆ ಬರುತ್ತಿದ್ದರು.

ಆದರೂ ಹೇಳುತ್ತೇನೆ, ಗಾಡಿ ಮಾತ್ರ ಜಬರ್ದಸ್ತ್. ಹೊರಗಿನಿಂದ ನೋಡಿದರೆ ಸಣ್ಣದು, ಹಿಂದಿನ ಡಿಕ್ಕಿ ಮೊಟಕು. ಒಳಗೆ ಕೂತರೆ ದೊಡ್ಡ ಗಾಡಿಯ ಠೀವಿ. ಬಾಗಿಲು ಹಾಕಿದಾಗ ಡಬ್ಬದ ಸದ್ದಿಲ್ಲ, ಗಟ್ಟಿಯಾಗಿ ಒಂದೇ ಸಲ ಕೂರುತ್ತದೆ. ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಟರ್ಬೊ, ಆರು ಗೇರು. ಎಂಜಿನ್ ನಿಧಾನವಾಗಿ ಸುತ್ತುವಾಗ ಅದು ತೂಕಡಿಸುತ್ತದೆ, ಎಕ್ಸಲರೇಟರ್ ಒತ್ತಿದರೂ ಕೇಳಿಸದ ಹಾಗೆ ಇರುತ್ತದೆ. ಎಂಜಿನ್ ಸುತ್ತು ತೋರಿಸುವ ಮುಳ್ಳು ಎರಡು ಸಾವಿರದ ಹತ್ತಿರ ಬಂತೆಂದರೆ ಟರ್ಬೊ ಗಾಳಿ ತುಂಬುತ್ತದೆ, ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ಎಳೆಯುತ್ತದೆ ನೋಡಿ, ನಾಲ್ಕು ಮಂದಿಯನ್ನೂ ಅವರ ಊಟದ ಬುತ್ತಿಯನ್ನೂ ಹೊತ್ತು ಐದನೇ ಗೇರಿನಲ್ಲೇ ಲಾರಿಯನ್ನು ದಾಟುತ್ತದೆ. ಡೀಸೆಲ್ ಎಂಜಿನ್ ಭಾರವೆಂದು ಮುಂದಿನ ಸಸ್ಪೆನ್ಷನ್ ತುಸು ಬಿರುಸು ಮಾಡಿದ್ದಾರೆ. ಊರೊಳಗಿನ ತಗ್ಗುಗಳಲ್ಲಿ ಸೊಂಟಕ್ಕೆ ತಾಗುತ್ತದೆ, ಆದರೆ ವೇಗ ಹೆಚ್ಚಿದಂತೆ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಓಡಬೇಕೆಂದೇ ಮಾಡಿದ ಗಾಡಿ ಅದು. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿ ಗೌರವ ಕೊಟ್ಟರು.

ಮಾವನವರ ಗೌರವದ ರೀತಿ ಹೀಗಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ಕಾರಿನ ಮುಂಭಾಗಕ್ಕೆ ಮೂರು ಬೆರಳಿನಿಂದ ವಿಭೂತಿ ಹಚ್ಚುವರು. ಒಳಗೆ ಕೂತು ಎಂಜಿನ್ ಚಾಲೂ ಮಾಡುವರು. ಎಲ್ಲಿಗೂ ಹೋಗುವುದಿಲ್ಲ. ಅರ್ಧ ತಾಸು ನಿಂತಲ್ಲೇ ಎಂಜಿನ್ ಓಡುತ್ತಿರುತ್ತದೆ, ಇವರು ಎಸಿ ಹಾಕಿಕೊಂಡು ಪೇಪರ್ ಓದುತ್ತಾರೆ. ಆಮೇಲೆ ಕೂಗಳತೆಯಲ್ಲಿರುವ ಗಿರಣಿಗೆ ನಾಲ್ಕನೇ ಗೇರಿನಲ್ಲಿ, ಎತ್ತಿನ ಬಂಡಿಯ ವೇಗದಲ್ಲಿ ಹೋಗುತ್ತಾರೆ. ಗೇರು ಬದಲಿಸಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆಂದು ಅವರ ನಂಬಿಕೆ.

ಇದೆಲ್ಲ ಟ್ರ್ಯಾಕ್ಟರಿನ ಬುದ್ಧಿ. ನಮ್ಮ ಕಾಲುವೆ ಸೀಮೆಯಲ್ಲಿ ಕೆಸರು ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದವರು ಚಹಾ ಕುಡಿಯುವಾಗಲೂ ಎಂಜಿನ್ ಬಂದ್ ಮಾಡುವುದಿಲ್ಲ. ಬ್ಯಾಟರಿ ಕೈಕೊಟ್ಟರೆ ಗದ್ದೆಯ ನಡುವೆ ತಳ್ಳುವವರು ಯಾರು? ಡೀಸೆಲ್ ಎಂಜಿನ್ ಎಷ್ಟು ಹೊತ್ತು ಕಾದು ಬಿಸಿಯಾಗಿರುತ್ತದೋ ಅಷ್ಟು ಬಾಳಿಕೆ ಎಂದು ಮಾವನವರು ನಲವತ್ತು ವರ್ಷ ನಂಬಿದ್ದರು. ಹಳೇ ಟ್ರ್ಯಾಕ್ಟರಿಗೆ ಅದು ನಡೆಯಿತು. ಈಗಿನ ಕಾರಿಗೆ ಅದೇ ವಿಷ.

ಯಾಕೆಂದು ಸರಳವಾಗಿ ಹೇಳುತ್ತೇನೆ. ಈಗಿನ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಒಂದು ಜಾಲರಿ ಡಬ್ಬಿ ಇರುತ್ತದೆ. ಕರಿ ಮಸಿ ಹೊರಗೆ ಹೋಗದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಡಬ್ಬಿ ತುಂಬುತ್ತ ಬಂದಾಗ ಕಾರಿನ ಕಂಪ್ಯೂಟರ್ ತುಸು ಹೆಚ್ಚು ಡೀಸೆಲ್ ಬಿಟ್ಟು, ಹೊಗೆಯನ್ನು ಕೆಂಡದಷ್ಟು ಬಿಸಿ ಮಾಡಿ, ಹಿಡಿದಿಟ್ಟ ಮಸಿಯನ್ನು ಒಳಗೇ ಸುಡುತ್ತದೆ. ಅದಕ್ಕೆ ಗಾಡಿ ಅರವತ್ತರ ಮೇಲಿನ ವೇಗದಲ್ಲಿ ಅರ್ಧ ತಾಸಾದರೂ ನಿಲ್ಲದೆ ಓಡಬೇಕು. ನಿಂತಲ್ಲೇ ಚಾಲೂ ಇಟ್ಟರೆ ಮಸಿ ತುಂಬುತ್ತದೆಯೇ ಹೊರತು ಸುಡುವುದಿಲ್ಲ. ಸುಡಲು ಹೊರಟಾಗಲೆಲ್ಲ ಅರ್ಧಕ್ಕೆ ಬಂದ್ ಮಾಡಿದರೆ ಆ ಹೆಚ್ಚಿನ ಡೀಸೆಲ್ ಎಂಜಿನ್ ಎಣ್ಣೆಯೊಳಕ್ಕೆ ಇಳಿಯುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷವರ್ಷವೂ ಪಾಠ ಮಾಡಿದವನು.

ಒಂದು ಶುಕ್ರವಾರ ಮಾವನವರು ಟ್ರ್ಯಾಕ್ಟರಿಗೆ ನೋಡುವಂತೆ ಎಣ್ಣೆ ಕಡ್ಡಿ ತೆಗೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಏರಿತ್ತು. ಅವರ ಮುಖ ಅರಳಿತು. ತಮ್ಮಂದಿರನ್ನೆಲ್ಲ ಕರೆದು ತೋರಿಸಿದರು. "ನೋಡ್ರಲೇ! ಮಂದಿ ಗಾಡಿ ಎಣ್ಣಿ ತಿಂತಾವು. ನಮ್ಮ ಗಾಡಿ ಎಣ್ಣಿ ಹೆಚ್ಚು ಮಾಡೈತಿ!" ಕಡ್ಡಿಯಿಂದ ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವರು ನನ್ನ ಕಡೆ ತಿರುಗಿ, "ಹೆಂಗೈತ್ರಿ ಅಳಿಯಾರ?" ಎಂದರು. ನಾನು "ಛಲೋ ಐತ್ರಿ" ಎಂದೆ. ನನಗೆ ನನ್ನ ಮೇಲೇ ಹೇಸಿಗೆಯಾದದ್ದು ಅವತ್ತು. ಅಳಿಯ ಮಾವನ ತಪ್ಪನ್ನು ಅವರ ತಮ್ಮಂದಿರ ಮುಂದೆ ಎತ್ತಿ ತೋರಿಸುವುದು ಆ ಮನೆಯಲ್ಲಿ ನಡೆಯುವ ಮಾತಲ್ಲ.

ಅದೇ ವಾರ ಎರಡು ಸಂಗತಿ ಒಟ್ಟಿಗೆ ಬಂದವು. ಕಾರಿನಲ್ಲಿ ಹಳದಿ ದೀಪ ಹತ್ತಿತು, ಚುಕ್ಕೆ ತುಂಬಿದ ಡಬ್ಬಿಯ ಚಿತ್ರವಿರುವ ದೀಪ. ಐಟಿಐಯಲ್ಲಿ ನನಗೊಂದು ಕ್ವಾರ್ಟರ್ಸ್ ಮಂಜೂರಾಯಿತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಬೇವಿನ ಮರ. ಸೋಮವಾರದೊಳಗೆ ಒಪ್ಪಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಬೇರೆಯವರ ಪಾಲು.

ಹೆಂಡತಿಗೆ ಹೇಳಿದೆ. ಅವಳು ಮಂಜೂರಾತಿಯ ಕಾಗದವನ್ನು ಎರಡು ಸಲ ಓದಿದಳು. "ನನ್ನ ಅಡಗಿಮನಿ," ಎಂದಳು. "ನನಗ ಬೇಕಾದ ಹೊತ್ತಿಗೆ ಒಂದು ಕಪ್ ಚಾ ಕಾಸ್ಕೊಂಡು ಕುಂತು ಕುಡೀಬೇಕ್ರಿ. ಹುಟ್ಟಿದ ಮನ್ಯಾಗ ಇದ್ರೂ ಅದಾಗಿಲ್ಲ ನನಗ."

"ಹಂಗಾದ್ರ ನಿಮ್ಮಪ್ಪಗ ನೀನ ಹೇಳು."

"ನಾ ಹೇಳಿದರ ಮಗಳು ಗಂಡನ್ನ ಕಟ್ಕೊಂಡು ಹೊಂಟಳು ಅಂತಾರ. ನೀವು ಹೇಳ್ರಿ. ಹನ್ನೊಂದು ವರ್ಷದಾಗ ಒಂದ ಮಾತು ಎದುರು ಆಡಿಲ್ಲ ನೀವು. ಒಂದ ಸಲ ಆಡ್ರಿ." ಸಿಟ್ಟಿನಲ್ಲಿ ಹೇಳಲಿಲ್ಲ, ಬೇಡಿಕೊಂಡಂತೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ತಾಗಿತು.

ಹೇಳುವುದು ಎಲ್ಲಿ? ಮನೆಯಲ್ಲಿ ಮಾವನವರು ಒಬ್ಬರೇ ಸಿಗುವುದಿಲ್ಲ. ಸಿಕ್ಕರೂ ಮಾತು ಬೇಡವೆನಿಸಿದರೆ "ಬಂದೆ ತಡೀರಿ" ಎಂದು ಎದ್ದು ಗಿರಣಿಗೆ ಹೋಗುತ್ತಾರೆ. ಅಷ್ಟರಲ್ಲಿ ದೀಪ ಆರದಿದ್ದುದು ಅವರ ತಲೆ ತಿನ್ನತೊಡಗಿತ್ತು. ರಾಯಚೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅತ್ತ ಕಡೆಯವನು, ಅರವತ್ತರ ಮೇಲೆ ಅರ್ಧ ತಾಸು ಎಲ್ಲೂ ನಿಲ್ಲಿಸದೆ ಓಡಿಸಿರಿ, ಆಗಲೂ ಆರದಿದ್ದರೆ ಎಳೆದುಕೊಂಡು ಬರಬೇಕಾದೀತು ಎಂದ. ಮಾವನವರು ಫೋನಿಟ್ಟು, "ಎಂಥಾ ತಿಳುವಳಿಕಿ ಅವಂದು! ಕೂತಲ್ಲೇ ಹೇಳಿಬಿಟ್ಟ" ಎಂದು ತಲೆದೂಗಿದರು. ಹದಿನಾಲ್ಕು ವರ್ಷದ ಮಾಸ್ತರ ಪಕ್ಕದಲ್ಲೇ ಗಾದಿಯ ಮೇಲೆ ಕೂತಿದ್ದ. ತಲೆ ಕೆಟ್ಟುಹೋಯಿತು ನನಗೆ. ಆದರೆ ಅದೇ ಗಳಿಗೆಯಲ್ಲಿ ಒಂದು ಹೊಳೆಯಿತು: ಎಲ್ಲೂ ನಿಲ್ಲಬಾರದ ಅರ್ಧ ತಾಸಿನಲ್ಲಿ ಮಾವನವರು ಎದ್ದುಹೋಗುವಂತಿಲ್ಲ.

ರವಿವಾರ ಬೆಳಿಗ್ಗೆ ನಾನೂ ಮಾವನವರೂ ಇಬ್ಬರೇ ಹೊರಟೆವು. ಊರು ದಾಟಿ ಮಸ್ಕಿ ರಸ್ತೆಗೆ ಬಿದ್ದು, ಮೂರರಿಂದ ನಾಲ್ಕು, ನಾಲ್ಕರಿಂದ ಐದಕ್ಕೆ ಹಾಕಿದೆ. ಆರನೆಯದಕ್ಕೆ ಹಾಕಲಿಲ್ಲ, ಎಂಜಿನ್ ಸುತ್ತು ಎರಡು ಸಾವಿರದ ಮೇಲೇ ಇರಬೇಕಿತ್ತು. ಎರಡೂ ಬದಿಗೆ ನಾಟಿಯಾದ ಗದ್ದೆ. ಹಂಪ್ ಬಂದಲ್ಲಿ ನಿಧಾನಿಸಿ ಮತ್ತೆ ಏರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೈಲೇಜು ತೋರಿಸುವ ಅಂಕಿ ಒಮ್ಮೆಲೇ ಕುಸಿಯಿತು, ಎಂಜಿನ್ ಸದ್ದು ತುಸು ಗಡುಸಾಯಿತು. ಡಬ್ಬಿಯೊಳಗೆ ಸುಡುವುದು ಶುರುವಾಗಿತ್ತು.

ಮೊದಲು ಕಾರಿನ ಮಾತನ್ನೇ ಎತ್ತಿದೆ. ರಸ್ತೆ ನೋಡುತ್ತಲೇ ಜಾಲರಿ, ಮಸಿ, ಎಣ್ಣೆಯಲ್ಲಿ ಬೆರೆತ ಡೀಸೆಲ್ ಎಲ್ಲ ಹೇಳಿದೆ. ದಿನಾ ನಿಂತಲ್ಲೇ ಚಾಲೂ ಇಟ್ಟದ್ದರಿಂದಲೇ ಹೀಗಾಗಿದೆ ಎಂದೂ ಹೇಳಿದೆ. ಮಾವನವರು ನನ್ನ ಕಡೆ ತಿರುಗಿದರು.

"ಇದು ನಿಮಗ ಮೊದಲಿಂದ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮೂರು ವರ್ಷ ಗೊತ್ತಿದ್ದು ಬಾಯಿ ಬಿಡಲಿಲ್ಲ?"

"ನೀವು ಕೇಳಲಿಲ್ರಿ."

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಸ್ಕಿಯ ಬೆಟ್ಟ ಬಂತು, ಊರೊಳಗಿನ ಗದ್ದಲದಲ್ಲಿ ಎರಡನೇ ಗೇರಿನಲ್ಲಿ ನುಸುಳಿ, ಸುತ್ತು ಇಳಿಯಗೊಡದೆ ಆಚೆ ಬಂದೆ. ಅಲ್ಲಿಂದ ನೀರಾವರಿ ಮುಗಿದು ನಮ್ಮ ಕಡೆಯ ಒಣ ಹೊಲಗಳು ಶುರುವಾಗುತ್ತವೆ. ಆ ತೊಗರಿ ಹೊಲ ಕಂಡದ್ದೇ ನನಗೆ ಎಲ್ಲಿಂದಲೋ ಧೈರ್ಯ ಬಂತು.

"ಮಾವಾರ, ಲಿಂಗಸೂಗೂರಿನಾಗ ಕ್ವಾರ್ಟರ್ಸ್ ಕೊಟ್ಟಾರ. ನಾವು ಅಲ್ಲಿ ಮನಿ ಮಾಡಬೇಕಂತ ಮಾಡೀವ್ರಿ. ನಾಳೆ ಒಪ್ಪಿಗಿ ಬರದು ಕೊಡ್ತೀನಿ."

ಮಾವನವರು, "ಗಾಡಿ ನಿಲ್ಲಸ್ರಿ" ಎಂದರು.

ಹನ್ನೊಂದು ವರ್ಷದಲ್ಲಿ ಅವರು ಹೇಳಿದ್ದಕ್ಕೆ ನನ್ನ ಕಾಲು ತಾನಾಗಿಯೇ ಓಗೊಡುತ್ತಿತ್ತು. ಬ್ರೇಕಿನ ಮೇಲೆ ಕಾಲು ಹೋಯಿತು ಕೂಡ. ದೀಪ ಇನ್ನೂ ಉರಿಯುತ್ತಿತ್ತು. ಈಗ ನಿಲ್ಲಿಸಿದರೆ ಮತ್ತೆ ಅರ್ಧಕ್ಕೆ ಬಿಟ್ಟಂತೆ. ಕಾಲನ್ನು ಎಕ್ಸಲರೇಟರಿನ ಮೇಲೆ ಇಟ್ಟೆ.

"ನಿಲ್ಲಸಂಗಿಲ್ರಿ."

"ನಾ ಹೇಳಾಕತ್ತೀನಿ, ನಿಲ್ಲಸ್ರಿ ಗಾಡಿ!"

"ದೀಪ ಆರೂತನಾ ನಿಲ್ಲಸಂಗಿಲ್ರಿ."

ಅವರ ಕೈ ಬಾಗಿಲಿನ ಹಿಡಿಕೆಗೆ ಹೋಯಿತು. ವೇಗದ ಮುಳ್ಳು ಎಂಬತ್ತರಲ್ಲಿತ್ತು. ಕೈ ಹಿಂದಕ್ಕೆ ಬಂತು. "ಊರಮಂದಿ ಮುಂದ ಅಳಿಯನ್ನ ಮನಿತುಂಬಿಸ್ಕೊಂಡೀನಿ ಅಂತ ಎದಿ ತಟ್ಕೊಂಡು ಹೇಳೀನ್ರಿ ನಾನು. ನಾಳೆ ಮಂದಿ ಏನಂತಾರ? ಅಲ್ಲಿ ಸರಿ ಹೊಂದಲಿಲ್ಲ, ಬಿಟ್ಟು ಹೋದ ಅಂತಾರ. ನನ್ನ ಇಜ್ಜತ್ತು?" ಪಾಪ ಅನಿಸಿತು, ಸಿಟ್ಟೂ ಬಂತು. ನಿಮ್ಮ ಇಜ್ಜತ್ತಿನೊಳಗೆ ನಾನು ಹನ್ನೊಂದು ವರ್ಷ ಕೂತಿದ್ದೆನಲ್ಲ, ಕಾಲು ಜೋಮು ಹಿಡಿಯಿತು ನನಗೆ ಎನ್ನಬೇಕೆನಿಸಿತು. ಅನ್ನಲಿಲ್ಲ, ಗಾಡಿ ಓಡಿಸಿದೆ.

ಲಿಂಗಸೂಗೂರು ಇನ್ನೇನು ಬಂತು ಎನ್ನುವಾಗ ದೀಪ ಆರಿತು. ಸದ್ದಿಲ್ಲದೆ ಹೋಯಿತು, ಮೈಲೇಜಿನ ಅಂಕಿ ಮೇಲೇರಿತು, ಎಂಜಿನ್ ಹಗುರಾಗಿ ಉಸಿರಾಡಿತು. ಯಾರಿಗಾದರೂ ತೋರಿಸಬೇಕೆನಿಸುವಷ್ಟು ಸಂತೋಷವಾಯಿತು ನನಗೆ. ತೋರಿಸಬೇಕಾದವರು ಕಿಟಕಿಯ ಆಚೆ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ್ದೇ ತಡ, ಇಳಿದರು. ಬಾಗಿಲು ಹಾಕಿ, ಟೊಪ್ಪಿಗೆ ಇಟ್ಟುಕೊಂಡು, ಸಿಂಧನೂರಿನ ಬಸ್ಸು ಹತ್ತಿ ಕೂತರು.

"ಮಾವಾರ, ಬರ್ರಿ, ಹಿಂಗ ಮಾಡಬ್ಯಾಡ್ರಿ" ಎಂದು ಕಿಟಕಿಯ ಕೆಳಗೆ ನಿಂತು ಕರೆದೆ. ಅವರು ಕಂಡಕ್ಟರನಿಗೆ, "ಒಂದು ಸಿಂಧನೂರು ಕೊಡಪಾ" ಎಂದರು. ಬಸ್ಸು ಹೊರಟಿತು.

ನಾನು ಹಿಂದೆಯೇ ಹೊರಟೆ. ಬೇರೆ ಏನು ಮಾಡಲಿ? ಅವರಿಗಿಂತ ಮುಂದೆ ಮನೆ ಮುಟ್ಟಿದರೆ ಮನೆಮಂದಿಯೆಲ್ಲ ಬಾಗಿಲಿಗೆ ಬಂದು, ಯಜಮಾನರೆಲ್ಲಿ ಎಂದು ಕೇಳುತ್ತಾರೆ. ಬಸ್ಸು ಊರೂರಿಗೆ ನಿಂತಿತು, ನಾನೂ ನಿಂತೆ. ಅದು ಮೂವತ್ತರಲ್ಲಿ ಹೋದರೆ ನಾನೂ ಮೂವತ್ತು. ರಸ್ತೆ ಖಾಲಿಯಿತ್ತು, ಮೂರನೇ ಗೇರಿಗೆ ಹಾಕಿ ಒಮ್ಮೆ ಒತ್ತಿದ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿ ಹೋಗಬಹುದಿತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಅವರ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ಕೊನೆಯ ಸೀಟು ಅದು, ನಾನು ದಿನಾ ಕೂತು ಬರುವ ಸೀಟು. ಹಂಪ್ ಹತ್ತಿದಾಗಲೆಲ್ಲ ಟೊಪ್ಪಿಗೆ ಮೇಲಕ್ಕೆ ಹಾರಿ ಕೆಳಕ್ಕೆ ಬರುತ್ತಿತ್ತು. ಬೈದೆ, ಬಾಯಿಗೆ ಬಂದಂತೆ ಬೈದೆ, ಗಾಜು ಏರಿಸಿಕೊಂಡು ಒಬ್ಬನೇ ಕೂತು ಅವರನ್ನೂ ನನ್ನನ್ನೂ ಬೈದೆ. ಆದರೂ ದಾಟಲಿಲ್ಲ.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಾವನವರು ಇಳಿದರು, ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ನೆಟ್ಟಗೆ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

"ದಿನಾ ಇದರಾಗ ಹೋಗ್ತೀರೇನ್ರಿ?"

"ಹ್ಞೂಂರಿ."

"ದಿನಕ್ಕ ಎರಡು ಸಲ?"

"ಹೋಗಾಕ ಒಮ್ಮೆ, ಬರಾಕ ಒಮ್ಮೆ."

ಸಿಂಧನೂರಿನ ಗಿರಣಿಗಳು ಕಂಡಾಗ ಮಾವನವರು ಒಮ್ಮೆ ಕೆಮ್ಮಿ ಹೇಳಿದರು: "ಮನಿಗೆ ಹೋದ ಮ್ಯಾಲ ನೀವು ಏನೂ ಮಾತಾಡಬ್ಯಾಡ್ರಿ." ಮುಗಿಯಿತು, ಕ್ವಾರ್ಟರ್ಸ್ ಬೇರೆಯವರ ಪಾಲು ಎಂದುಕೊಂಡೆ. ಹೆಂಡತಿಗೆ ಯಾವ ಮುಖದಲ್ಲಿ ಹೇಳಲಿ ಎಂದು ಚಿಂತೆ ಹತ್ತಿತು.

ಮಧ್ಯಾಹ್ನ ಊಟಕ್ಕೆ ಗಂಡಸರೆಲ್ಲ ಸಾಲಾಗಿ ಕೂತಿದ್ದರು. ಮೊದಲ ತಟ್ಟೆ ನನಗೆ ಬಂತು. ಹೆಂಡತಿ ರೊಟ್ಟಿಯ ಬುಟ್ಟಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

ಮಾವನವರು ರೊಟ್ಟಿ ಮುರಿಯುತ್ತ, ಎಲ್ಲರಿಗೂ ಕೇಳುವಂತೆ ಹೇಳಿದರು. "ಅಳಿಯಾರು ಬರೋ ತಿಂಗಳಿಂದ ಲಿಂಗಸೂಗೂರಿನಾಗ ಮನಿ ಮಾಡ್ತಾರ. ಸರ್ಕಾರದ ಕ್ವಾರ್ಟರ್ಸ್ ಬಂದೈತಿ. ಮಗಳು ಮೊಮ್ಮಗಳು ಕೂಡಿ ಹೋಗ್ತಾರ. ನಾನ ಹೇಳೀನಿ ಹೋಗ್ರಂತ. ದಿನಾ ಬಸ್ಸಿನಾಗ ಅವರು ಜೀವಾ ಸವಸೂದು ನನಗ ನೋಡಾಕ ಆಗವಲ್ದು. ಇವತ್ತು ನಾನ ಅಲ್ಲೀತನ ಹೋಗಿ ಊರು ನೋಡ್ಕೊಂಡು ಬಂದೀನಿ. ಗಾಡೀನೂ ಅವರು ಒಯ್ಯಲಿ, ನಾನ ಹೇಳೀನಿ."

ನಾನ ಹೇಳೀನಿ! ಹನ್ನೊಂದು ವರ್ಷಕ್ಕೆ ಒಂದು ಸಲ, ಎಂಬತ್ತರ ವೇಗದಲ್ಲಿ ನಾನು ಆಡಿದ ಮಾತು ಅದು. ಅದನ್ನೂ ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡುಬಿಟ್ಟರು. ನೀವಲ್ಲ ಹೇಳಿದ್ದು, ನಾನು, ನೀವು ನಿಲ್ಲಿಸೆಂದಾಗ ನಿಲ್ಲಿಸದೆ ಹೇಳಿದವನು ನಾನು ಎಂದು ಎದ್ದು ಕೂಗಬೇಕೆನಿಸಿತು.

ಮಾವನ ನಡುವಿನ ತಮ್ಮ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಅನುಮಾನ. "ಏನ್ರಿ ಅಳಿಯಾರ, ನಿಮಗೂ ಮನಸೈತೇನು? ಇಲ್ಲಿ ಏನರ ಕಮ್ಮಿ ಆತೇನ್ರಿ?"

ಎಲ್ಲರ ಕೈ ತಟ್ಟೆಯ ಮೇಲೆ ನಿಂತವು. ಮಾವನವರು ಮಾತ್ರ ರೊಟ್ಟಿ ಮುರಿಯುತ್ತಲೇ ಇದ್ದರು, ಆದರೆ ಒಂದು ಚೂರೂ ಬಾಯಿಗೆ ಹೋಗದಿದ್ದುದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಬಾಗಿಲಲ್ಲಿ ಹೆಂಡತಿ ಬುಟ್ಟಿಯನ್ನು ಎದೆಗೆ ಅವಚಿಕೊಂಡಿದ್ದಳು.

"ಮಾವಾರು ಹೇಳಿದ ಮ್ಯಾಲ," ಎಂದೆ, "ನಾ ಇಲ್ಲ ಅನ್ನಾಕ ಬರತೈತೇನ್ರಿ?"